ಬಿಂದು, ರೇಖೆ, ಸಮತಲಕ್ಕೆ ವ್ಯಾಖ್ಯೆ ಇದೆಯೋ ಇಲ್ಲವೋ? ಪುಸ್ತಕ ಎರಡೂ ಹೇಳುತ್ತಿದೆ

ಬ್ರಹ್ಮಪುರ ಟ್ಯೂಷನ್ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಸಂಜೆ ಮನೆಯಲ್ಲಿ 9ನೇ ತರಗತಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಈಗ ಯೂಕ್ಲಿಡ್ ಅಧ್ಯಾಯ ನಡೆದಿದೆ. ಪುಸ್ತಕ ಮೊದಲು ಯೂಕ್ಲಿಡ್ ಕೊಟ್ಟ ವ್ಯಾಖ್ಯೆಗಳನ್ನು ಹೇಳುತ್ತದೆ: ಭಾಗಗಳಿಲ್ಲದ್ದು ಬಿಂದು, ಅಗಲವಿಲ್ಲದ ಉದ್ದ ರೇಖೆ. ಸ್ವಲ್ಪ ಮುಂದೆ ಹೋದರೆ ಅದೇ ಪುಸ್ತಕ ಬಿಂದು, ರೇಖೆ, ಸಮತಲ ಮೂರಕ್ಕೂ ವ್ಯಾಖ್ಯೆ ಕೊಡುವುದಿಲ್ಲ, ಹಾಗೇ ಒಪ್ಪಿಕೊಳ್ಳಿ ಅನ್ನುತ್ತದೆ.

ನನ್ನ ಹತ್ತಿರ ಬರುವ ಒಬ್ಬ ಹುಡುಗಿ ಶಾಲೆಯ ಕಿರುಪರೀಕ್ಷೆಯಲ್ಲಿ "ಬಿಂದು ಎಂದರೇನು?" ಅನ್ನೋ ಒಂದು ಅಂಕದ ಪ್ರಶ್ನೆಗೆ "ಇದಕ್ಕೆ ವ್ಯಾಖ್ಯೆ ಇಲ್ಲ" ಅಂತ ಬರೆದಳು. ಸೊನ್ನೆ ಬಂತು. ಪಕ್ಕದವಳು "ಭಾಗಗಳಿಲ್ಲದ್ದು" ಅಂತ ಬರೆದು ಅಂಕ ತಗೊಂಡಳು. ಈಗ ಇವಳು ನನ್ನನ್ನು ಬಿಡುತ್ತಿಲ್ಲ. ಯಾವುದು ಸರಿ, ಯಾಕೆ ಸರಿ, ತಿಳಿದವರು ಹೇಳಿ.

ಚಿತ್ತಾಪುರ ತೊಗರಿ

ಮೇಡಂ, ಪೆನ್ನಿನಿಂದ ಒಂದು ಚುಕ್ಕೆ ಇಟ್ಟರೆ ಅದೇ ಬಿಂದು. ಇದಕ್ಕೂ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ಸುಮ್ನೆ ಮಕ್ಕಳ ಅಂಕ ಕಳೆಯೋ ಪ್ರಶ್ನೆ.

ಸೇಡಂ ಮಾಸ್ತರ

ತೊಗರಿ ಅಣ್ಣಾರ, ಆ ಚುಕ್ಕೆಗೆ ಉದ್ದ ಇದೆ, ಅಗಲ ಇದೆ, ಭೂತಗನ್ನಡಿ ಹಿಡಿದರೆ ಅಂಚು ಕೂಡ ಕಾಣುತ್ತದೆ. ಅದರ ನಡುವೆ ಎಲ್ಲಿ ಕಂಪಾಸಿನ ಮುಳ್ಳು ಇಡುತ್ತೀರಿ? ಅಲ್ಲಿಗೆ ಪ್ರಶ್ನೆ ಮತ್ತೆ ಶುರು.

ಮೇಡಂ, ಆ ಹುಡುಗಿಗೆ ಅಂಕ ಸಿಗಬೇಕಿತ್ತು. ನಾನು ಪತ್ರಿಕೆ ನೋಡಿದ್ದರೆ ಇಬ್ಬರಿಗೂ ಕೊಡುತ್ತಿದ್ದೆ, ಇವಳಿಗೆ ಸ್ವಲ್ಪ ಖುಷಿಯಿಂದ ಕೊಡುತ್ತಿದ್ದೆ. ಪುಸ್ತಕ ಎರಡು ಮಾತು ಆಡುತ್ತಿಲ್ಲ. ಮೊದಲನೆಯದು ಯೂಕ್ಲಿಡ್ ಏನು ಬರೆದ ಅನ್ನುವುದು. ಎರಡನೆಯದು ಇವತ್ತು ಗಣಿತದವರು ಏನು ಮಾಡುತ್ತಾರೆ ಅನ್ನುವುದು. ಎರಡರ ನಡುವೆ ಸುಮಾರು 2200 ವರ್ಷ ಇದೆ. ಅದನ್ನು ಪುಸ್ತಕ ನಾಲ್ಕೇ ಸಾಲಿನಲ್ಲಿ ದಾಟಿಸಿಬಿಟ್ಟಿದೆ, ತಕರಾರು ಇರುವುದು ಅಲ್ಲಿ.

ಯೂಕ್ಲಿಡ್ ಕ್ರಿ.ಪೂ. 300ರ ಸುಮಾರಿಗೆ ಅಲೆಕ್ಸಾಂಡ್ರಿಯದಲ್ಲಿದ್ದ. ಅವನ 'ಎಲಿಮೆಂಟ್ಸ್' 13 ಭಾಗಗಳ ಪುಸ್ತಕ. ಮೊದಲ ಭಾಗ 23 ವ್ಯಾಖ್ಯೆಗಳಿಂದ ಶುರುವಾಗುತ್ತದೆ. ಈ 23ರಲ್ಲಿ ಎರಡು ಜಾತಿ ಇವೆ, ಅದನ್ನು ಮಕ್ಕಳಿಗೆ ತೋರಿಸಿ. 15ನೆಯದು ವೃತ್ತದ ವ್ಯಾಖ್ಯೆ: ಕೇಂದ್ರದಿಂದ ಅಂಚಿಗೆ ಎಳೆದ ಗೆರೆಗಳೆಲ್ಲ ಸಮ. ಇದು ದುಡಿಯುವ ವ್ಯಾಖ್ಯೆ. ಮೊಟ್ಟಮೊದಲ ಪ್ರಮೇಯದಲ್ಲೇ, ಸಮಬಾಹು ತ್ರಿಭುಜ ಕಟ್ಟುವಾಗಲೇ ಇದರ ಮೇಲೆ ಕೈಯಿಡುತ್ತಾನೆ. ಈಗ 1ನೆಯದು ನೋಡಿ: ಭಾಗಗಳಿಲ್ಲದ್ದು ಬಿಂದು. ಮುಂದೆ ಯಾವ ಸಾಧನೆಯಲ್ಲೂ "ಬಿಂದುವಿಗೆ ಭಾಗಗಳಿಲ್ಲ, ಆದ್ದರಿಂದ..." ಅಂತ ಒಂದು ಹೆಜ್ಜೆ ಬರುವುದಿಲ್ಲ. ಅದನ್ನು ಅಳಿಸಿಹಾಕಿದರೂ ಒಂದು ಪ್ರಮೇಯವೂ ಬೀಳುವುದಿಲ್ಲ. ಅದು ಓದುವವನಿಗೆ ಕೊಟ್ಟ ಸೂಚನೆ ಅಷ್ಟೆ.

ಬ್ರಹ್ಮಪುರ ಟ್ಯೂಷನ್ (ಕಲಬುರಗಿ)

ಸರ್, ಇದು ಚೆನ್ನಾಗಿದೆ. ಆದರೆ ಮಕ್ಕಳು ಮುಂದಿನ ಪ್ರಶ್ನೆ ಕೇಳುತ್ತಾರೆ. ಯೂಕ್ಲಿಡ್ ಕೊಟ್ಟ ವ್ಯಾಖ್ಯೆ ದುಡಿಯಲಿಲ್ಲ, ಸರಿ. ನಾವು ಅದಕ್ಕಿಂತ ಒಳ್ಳೆಯದನ್ನು ಯಾಕೆ ಕೊಡಬಾರದು?

ಸೇಡಂ ಮಾಸ್ತರ

ಅದೇ ಅಧ್ಯಾಯದ ಅಭ್ಯಾಸದಲ್ಲೇ ಉತ್ತರ ಇದೆ. ಚೌಕ, ತ್ರಿಜ್ಯ, ರೇಖಾಖಂಡ, ಸಮಾಂತರ ರೇಖೆ ಇವಕ್ಕೆ ವ್ಯಾಖ್ಯೆ ಬರೆಯಿರಿ, ಅದಕ್ಕೂ ಮೊದಲು ಯಾವ ಪದಗಳಿಗೆ ವ್ಯಾಖ್ಯೆ ಬೇಕು ಹೇಳಿ ಅಂತ ಒಂದು ಪ್ರಶ್ನೆ ಇದೆ. ಬಹಳ ಕಡೆ ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ. ನನ್ನ ಪ್ರಕಾರ ಇಡೀ ಅಧ್ಯಾಯದಲ್ಲಿ ಕೂತು ಮಾಡಬೇಕಾದದ್ದು ಅದೊಂದೇ.

ಬೋರ್ಡಿನ ಮೇಲೆ ಹೀಗೆ ಮಾಡಿಸಿ. ಚೌಕ ಎಂದರೆ? ನಾಲ್ಕು ಬಾಹು ಸಮ, ನಾಲ್ಕೂ ಲಂಬಕೋನ ಇರುವ ಚತುರ್ಭುಜ. ಬಾಹು ಎಂದರೆ? ರೇಖಾಖಂಡ. ಲಂಬಕೋನ ಎಂದರೆ? ಒಂದು ರೇಖೆ ಮೇಲೆ ಇನ್ನೊಂದು ನಿಂತಾಗ ಅಕ್ಕಪಕ್ಕದ ಕೋನ ಎರಡೂ ಸಮ ಆದರೆ ಒಂದೊಂದೂ ಲಂಬಕೋನ. ಕೋನ ಎಂದರೆ? ಒಂದೇ ಬಿಂದುವಿನಿಂದ ಹೊರಟ ಎರಡು ಕಿರಣ. ಕಿರಣ ಎಂದರೆ? ರೇಖೆಯ ಮೇಲೆ ಒಂದು ಬಿಂದು ಹಿಡಿದು ಅದರ ಒಂದು ಕಡೆಯದು. ರೇಖಾಖಂಡ ಎಂದರೆ? ಎರಡು ಬಿಂದುಗಳು, ಅವುಗಳ ನಡುವೆ ಇರುವ ಬಿಂದುಗಳು. ಎಲ್ಲಾ ದಾರಿಯೂ ಬಂದು ನಿಲ್ಲುವುದು ಬಿಂದು, ರೇಖೆ, 'ನಡುವೆ', 'ಸಮ' ಇಷ್ಟರ ಹತ್ತಿರ. ಮುಂದೆ ಇಳಿಯಲು ಹೋದರೆ ಒಂದೋ ಕೊನೆಯೇ ಇಲ್ಲ, ಇಲ್ಲವೇ ಹೊರಟ ಜಾಗಕ್ಕೇ ಬರುತ್ತೀರಿ. ಎಲ್ಲೋ ಒಂದು ಕಡೆ ನಿಲ್ಲಲೇಬೇಕು.

ಬೀದರ್ ಕೋಟೆ ಬದಿ

ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ನಮಗೆ ಬಿಂದುವಿಗೆ ವ್ಯಾಖ್ಯೆ ಇದೆ ಸರ್. ಎರಡು ಸಂಖ್ಯೆಗಳ ಜೋಡಿ, ಎಕ್ಸ್ ಮತ್ತು ವೈ. ರೇಖೆ ಎಂದರೆ ಒಂದು ಸಮೀಕರಣ. ಮುಗಿಯಿತು ಅಲ್ವಾ? ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವಾಗ ಬೇರೆ ಏನೂ ಬೇಕಾಗುವುದಿಲ್ಲ.

ಯಾದಗಿರಿ ಬೆಟ್ಟ

ಮುಗಿಯಲಿಲ್ಲ. ಹೊರೆ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹೋಯಿತು. ಡೆಕಾರ್ಟ್ 1637ರಲ್ಲಿ ದಾರಿ ಹಾಕಿಕೊಟ್ಟ ಮೇಲೆ ಬಿಂದುವನ್ನು ಸಂಖ್ಯೆಗಳಿಂದ ಹೇಳಬಹುದು, ನಿಜ. ಆಗ ಸಂಖ್ಯೆ ಎಂದರೇನು ಅಂತ ಕೇಳಬೇಕು. ಅದಕ್ಕೆ ಗಣ, ಅಂದರೆ ವಸ್ತುಗಳ ಗುಂಪು, ಬೇಕು. ಗಣ ಎಂದರೇನು? ಅಲ್ಲಿ ಮತ್ತೆ ವ್ಯಾಖ್ಯೆ ಇಲ್ಲದ ಪದ. ಎಲ್ಲಿ ನಿಲ್ಲಬೇಕು ಅನ್ನುವುದು ನಮ್ಮ ಆಯ್ಕೆ, ನಿಲ್ಲದೇ ಇರುವುದು ಆಯ್ಕೆಯಲ್ಲ.

ಎಷ್ಟು ಪದ ವ್ಯಾಖ್ಯೆ ಇಲ್ಲದೆ ಬಿಡಬೇಕು ಅನ್ನುವುದರಲ್ಲೂ ಒಮ್ಮತ ಇಲ್ಲ. ಜರ್ಮನಿಯ ಗಣಿತಜ್ಞ ಹಿಲ್ಬರ್ಟ್ ಬಿಂದು, ರೇಖೆ, ಸಮತಲ ಮೂರನ್ನೂ ಬಿಟ್ಟು, ಜೊತೆಗೆ 'ಮೇಲೆ ಇರುವುದು', 'ನಡುವೆ', 'ಸರ್ವಸಮ' ಅನ್ನೋ ಸಂಬಂಧಗಳನ್ನೂ ವ್ಯಾಖ್ಯೆ ಇಲ್ಲದೆ ಇಟ್ಟ. ಟಾರ್ಸ್ಕಿ ಅನ್ನುವವನು ಬಿಂದು ಒಂದೇ ಸಾಕು ಅಂದ, ಜೊತೆಗೆ ಎರಡು ಸಂಬಂಧ. ಅವನಲ್ಲಿ ರೇಖೆ ಅನ್ನೋ ವಸ್ತುವೇ ಇಲ್ಲ. ಮೂರು ಬಿಂದು ಒಂದೇ ಸಾಲಿನಲ್ಲಿವೆಯೇ ಅಂತ ಮಾತ್ರ ಕೇಳಬಹುದು.

ಚಿತ್ತಾಪುರ ತೊಗರಿ

ರೇಖೆ ಇಲ್ಲದ ರೇಖಾಗಣಿತ. ಭಲೇ! ಮೀಟರ್ ಓಡಿಸದೇ ಆಟೋ ಬಾಡಿಗೆ ಕೇಳಿದಂಗಾಯ್ತು.

ತಮಾಷೆ ಇರಲಿ. ನನಗೆ ಒಂದು ನಿಜವಾದ ಪ್ರಶ್ನೆ ಇದೆ. ಅಗಲವಿಲ್ಲದ ಉದ್ದ ಅಂದರೆ ನಂಬಲಿಕ್ಕೆ ಆಗುವುದಿಲ್ಲ. ನನ್ನ ಹೊಲಕ್ಕೂ ಪಕ್ಕದ ಹೊಲಕ್ಕೂ ನಡುವೆ ಬದು ಇದೆ. ಅಗಲ ಎರಡು ಅಡಿ ಇದ್ದೇ ಇದೆ. ವರ್ಷ ವರ್ಷ ಮಳೆ ಬಿದ್ದ ಮೇಲೆ ಆ ಎರಡು ಅಡಿಗೇ ಜಗಳ.

ಸರ್ವೆ ಸಂಕೋಲೆ (ಹುಮನಾಬಾದ)

ಅಣ್ಣಾ, ನಿಮ್ಮ ಜಗಳವೇ ಉತ್ತರ. ನಾನು ಲೈಸೆನ್ಸ್ ಪಡೆದ ಭೂಮಾಪಕ. ದಿನಾ ಇದೇ ಕೆಲಸ.

ಲೆಕ್ಕ ನೋಡಿ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ನಿಮ್ಮ ಗಡಿ 330 ಅಡಿ ಉದ್ದ ಇದೆ ಅಂದುಕೊಳ್ಳಿ. ಗಡಿಗೆರೆಗೇ ಎರಡು ಅಡಿ ಅಗಲ ಇದ್ದರೆ 660 ಚದರ ಅಡಿ ಆಯಿತು, ಅರ್ಧ ಗುಂಟೆಗಿಂತ ಜಾಸ್ತಿ. ಈ ಜಾಗ ಯಾರದು? ನಿಮ್ಮದೂ ಅಲ್ಲ, ಅವರದೂ ಅಲ್ಲ. ಇಬ್ಬರ ಪಹಣಿ ಕೂಡಿಸಿದರೆ ಮೊತ್ತ ಬರುವುದಿಲ್ಲ. ಊರಿನ ಎಲ್ಲಾ ಗಡಿಗಳನ್ನೂ ಹೀಗೇ ಹಿಡಿದರೆ ಎಷ್ಟೋ ಎಕರೆ ಯಾರ ಹೆಸರಿಗೂ ಇಲ್ಲದೆ ಹೋಗುತ್ತದೆ. ಅದಕ್ಕೇ ನಕ್ಷೆಯಲ್ಲಿ ಗಡಿ ಅಂದರೆ ಕಲ್ಲಿನಿಂದ ಕಲ್ಲಿಗೆ ಹೋಗುವ ಗೆರೆ, ಅಗಲ ಸೊನ್ನೆ. ಬದು ಆ ಗೆರೆಯ ಎರಡೂ ಕಡೆ ಹಾಕಿದ ಮಣ್ಣು. ಗೆರೆ ನಿಮ್ಮಿಬ್ಬರನ್ನು ಬೇರೆ ಮಾಡುತ್ತದೆ, ತಾನು ಜಾಗ ತಿನ್ನುವುದಿಲ್ಲ.

ಬಾಂದುಕಲ್ಲಿನದೂ ಅದೇ ಕಥೆ. ಕಲ್ಲಿಗೆ ದಪ್ಪ ಇದೆ. ನಾವು ತಲೆಯ ಮೇಲೆ ಪ್ಲಸ್ ಗುರುತು ಹಾಕಿ ಎರಡು ಗೀರು ಕೂಡುವ ಕಡೆ ಹಿಡಿಯುತ್ತೇವೆ. ಗೀರಿಗೂ ದಪ್ಪ ಇದೆ ಅಂತ ನೀವು ಹೇಳುತ್ತೀರಿ, ಗೊತ್ತು. ಅಲ್ಲಿಗೆ ನಮ್ಮ ಉಪಕರಣದ ಶಕ್ತಿ ಮುಗಿಯುತ್ತದೆ. ಲೆಕ್ಕ ಮಾತ್ರ ಮುಂದೆ ಹೋಗುತ್ತದೆ.

ಚಿತ್ತಾಪುರ ತೊಗರಿ

ಇದು ತಲೆಗೆ ಹೋಯಿತು. ಪಕ್ಕದ ಹೊಲದವನಿಗೂ ಇದನ್ನೇ ಓದಿಸಬೇಕು.

ಮಳಖೇಡ ಮಣ್ಣು

ಎಲ್ಲರೂ ಗ್ರೀಕರನ್ನೇ ಹೊಗಳುತ್ತಿದ್ದೀರಿ. ನಮ್ಮ ಜಿಲ್ಲೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಅದರಲ್ಲಿ ಕ್ಷೇತ್ರಗಣಿತಕ್ಕೇ ಒಂದು ಅಧ್ಯಾಯ ಇದೆ. ಬಿಂದುವಿನ ವಿಚಾರ ಆಗಲೇ ನಮ್ಮವರಿಗೆ ಗೊತ್ತಿತ್ತು.

ಸೇಡಂ ಮಾಸ್ತರ

ಮಳಖೇಡ ನಮ್ಮ ತಾಲ್ಲೂಕಿನದೇ, ಹೆಮ್ಮೆ ನನಗೂ ಇದೆ. ಆದರೆ ಅವನು ಮಾಡದ ಕೆಲಸವನ್ನು ಅವನ ತಲೆಗೆ ಕಟ್ಟುವುದು ಬೇಡ. ಮಾಡಿದ್ದೇ ಸಾಕಷ್ಟಿದೆ.

ಅವನ ಅಳತೆಯ ಪಟ್ಟಿ ಪರಮಾಣುವಿನಿಂದ ಶುರುವಾಗುತ್ತದೆ. ನೀರಿನಿಂದಾಗಲಿ ಬೆಂಕಿಯಿಂದಾಗಲಿ ನಾಶವಾಗದಷ್ಟು ಸಣ್ಣದು ಪರಮಾಣು, ಅಂಥವು ಲೆಕ್ಕವಿಲ್ಲದಷ್ಟು ಸೇರಿದರೆ ಒಂದು ಅಣು, ಹೀಗೆ ಮೇಲೆ ಹತ್ತುತ್ತಾನೆ. ಇದು ಅಳೆಯುವವನ ದಾರಿ. ಎಷ್ಟೇ ಸಣ್ಣದಾದರೂ ಪರಮಾಣು ಒಂದು ವಸ್ತು, ಕೂಡಿಸುತ್ತಾ ಹೋದರೆ ಉದ್ದ ಬರುತ್ತದೆ. ಯೂಕ್ಲಿಡ್‌ನ ಬಿಂದುವನ್ನು ಒಂದರ ಪಕ್ಕ ಒಂದು ಇಡುತ್ತಾ ಹೋಗಿ ಉದ್ದ ಕಟ್ಟಲು ಆಗುವುದಿಲ್ಲ.

ಮಹಾವೀರ ಕ್ಷೇತ್ರಫಲಕ್ಕೆ ಎರಡು ಬಗೆಯ ಸೂತ್ರ ಕೊಡುತ್ತಾನೆ. ವ್ಯವಹಾರಕ್ಕೆ ಸಾಕಾಗುವ ಒರಟು ಲೆಕ್ಕ ಒಂದು, ಸೂಕ್ಷ್ಮ ಲೆಕ್ಕ ಇನ್ನೊಂದು. ವೃತ್ತಕ್ಕೆ ಒರಟು ಲೆಕ್ಕದಲ್ಲಿ ಪೈ ಬದಲು 3, ಸೂಕ್ಷ್ಮದಲ್ಲಿ 10ರ ವರ್ಗಮೂಲ. ಹೊಲ, ಕೆರೆ, ಶಂಖದ ಆಕಾರ, ಎಲ್ಲವನ್ನೂ ಅಳೆಯಲು ಕೂತವನು. ಸ್ವಯಂಸಿದ್ಧಗಳಿಂದ, ಅಂದರೆ ಸಾಧಿಸದೆ ಒಪ್ಪಿಕೊಂಡ ಮಾತುಗಳಿಂದ, ಹೊರಟು ಸಾಧಿಸುವುದು ಅವನ ಉದ್ದೇಶವೇ ಆಗಿರಲಿಲ್ಲ. ಸರ್ವೆ ಸಂಕೋಲೆಯವರು ಅವನ ವಂಶ, ಯಾದಗಿರಿಯವರು ಯೂಕ್ಲಿಡ್ ವಂಶ ಅಂದುಕೊಳ್ಳಿ.

ಬೀದರ್ ಕೋಟೆ ಬದಿ

ಬೆಟ್ಟ ಅವರೇ, ನನಗೆ ಇನ್ನೂ ಒಂದು ಕಡೆ ಸಿಕ್ಕು ಇದೆ. ಬಿಂದು ಏನು ಅಂತ ಹೇಳುವುದಿಲ್ಲ, ರೇಖೆ ಏನು ಅಂತ ಹೇಳುವುದಿಲ್ಲ. ಆಮೇಲೆ ಅವುಗಳ ಬಗ್ಗೆ ಪುಟಗಟ್ಟಲೆ ಸಾಧಿಸುತ್ತೀರಿ. ಯಾವುದರ ಬಗ್ಗೆ ಸಾಧಿಸಿದಂತಾಯಿತು?

ಯಾದಗಿರಿ ಬೆಟ್ಟ

ಒಳ್ಳೆಯ ಪ್ರಶ್ನೆ. ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಹಿಲ್ಬರ್ಟ್‌ನ ಜ್ಯಾಮಿತಿ ಪುಸ್ತಕ 1899ರಲ್ಲಿ ಬಂತು. ಅವನು ಬಿಂದು ಏನು ಅಂತ ಹೇಳಲೇ ಇಲ್ಲ. ಬಿಂದು, ರೇಖೆಗಳು ಯಾವ ನಿಯಮಕ್ಕೆ ಬದ್ಧವಾಗಿರಬೇಕು ಅಂತ ಮಾತ್ರ ಹೇಳಿದ. ಬಿಂದು, ರೇಖೆ, ಸಮತಲ ಅನ್ನುವ ಬದಲು ಮೇಜು, ಕುರ್ಚಿ, ಬಿಯರ್ ಮಗ್ ಅಂದರೂ ನಡೆಯಬೇಕು ಅಂತ ಅವನು ಗೆಳೆಯರ ಹತ್ತಿರ ಹೇಳಿದ್ದನೆಂದು ಪ್ರಸಿದ್ಧಿ. ನಮ್ಮ ಕಡೆಯ ಹುಲಿ-ಕುರಿ ಆಟ ನೆನಪಿಸಿಕೊಳ್ಳಿ. ಹುಲಿ ಅಂದರೆ ಕಲ್ಲು, ಕುರಿ ಅಂದರೆ ಹುಣಸೆಬೀಜ. ಹುಲಿಗೆ ಪಟ್ಟೆ ಇದೆಯಾ ಅಂತ ಯಾರೂ ಕೇಳುವುದಿಲ್ಲ, ಅದು ಹೇಗೆ ಹಾರಬಹುದು ಅಂತ ಕೇಳುತ್ತಾರೆ.

ಈಗ ನಿಯಮಗಳನ್ನು ಕೈಯಲ್ಲಿ ಹಿಡಿದು ನೋಡೋಣ. ಮೂರೇ ನಿಯಮ ಸಾಕು. ಯಾವುದೇ ಎರಡು ಬಿಂದುಗಳ ಮೂಲಕ ಒಂದೇ ಒಂದು ರೇಖೆ ಇರುತ್ತದೆ. ಪ್ರತಿ ರೇಖೆಯ ಮೇಲೆ ಕನಿಷ್ಠ ಎರಡು ಬಿಂದು ಇರುತ್ತವೆ. ಎಲ್ಲಾ ಬಿಂದುಗಳೂ ಒಂದೇ ರೇಖೆಯ ಮೇಲೆ ಇರುವುದಿಲ್ಲ. ಸಮಾಂತರ ಅಂದರೆ ಒಂದೂ ಬಿಂದು ಹಂಚಿಕೊಳ್ಳದ ಎರಡು ರೇಖೆ.

ಬಿಂದು ಅಂದರೆ ಊರು. ರೇಖೆ ಅಂದರೆ ಎರಡು ಊರುಗಳ ಜೋಡಿ, ಅಷ್ಟೇ. ರಸ್ತೆ ಗಿಸ್ತೆ ಏನೂ ಇಲ್ಲ.

ಮೊದಲು ಮೂರು ಊರು ತಗೊಳ್ಳಿ: ಕಲಬುರಗಿ, ಬೀದರ್, ಯಾದಗಿರಿ. ರೇಖೆ ಮೂರು. ಮೂರೂ ನಿಯಮ ನಡೆಯುತ್ತವೆ, ಪರೀಕ್ಷಿಸಿ ನೋಡಿ. ಯಾವ ಎರಡು ರೇಖೆ ಹಿಡಿದರೂ ಒಂದು ಊರು ಎರಡರಲ್ಲೂ ಇದ್ದೇ ಇರುತ್ತದೆ. ಅಂದರೆ ಈ ಲೋಕದಲ್ಲಿ ಸಮಾಂತರ ರೇಖೆಯೇ ಇಲ್ಲ.

ನಾಲ್ಕನೆಯದಾಗಿ ಸೇಡಂ ಸೇರಿಸಿ. ರೇಖೆ ಆರು. ಕಲಬುರಗಿ–ಬೀದರ್ ರೇಖೆ ಹಿಡಿಯಿರಿ. ಅದರ ಹೊರಗಿನ ಯಾದಗಿರಿಯಿಂದ ಅದಕ್ಕೆ ಸಮಾಂತರ ಎಷ್ಟು? ಯಾದಗಿರಿ–ಸೇಡಂ ಒಂದೇ. ಹೊರಗಿನ ಬಿಂದುವಿನಿಂದ ಒಂದೇ ಸಮಾಂತರ: ಶಾಲೆಯಲ್ಲಿ ಕಲಿಸುವ ಜ್ಯಾಮಿತಿಯ ಮಾತು ಇದು.

ಐದನೆಯದಾಗಿ ಶಹಾಪುರ ಸೇರಿಸಿ. ರೇಖೆ ಹತ್ತು. ಈಗ ಯಾದಗಿರಿಯಿಂದ ಕಲಬುರಗಿ–ಬೀದರ್ ರೇಖೆಗೆ ಸಮಾಂತರ ಎರಡು: ಯಾದಗಿರಿ–ಸೇಡಂ, ಯಾದಗಿರಿ–ಶಹಾಪುರ.

ಮೂರೂ ಕಡೆ ನಿಯಮ ಅವೇ. ಸಮಾಂತರದ ಉತ್ತರ ಮಾತ್ರ ಸೊನ್ನೆ, ಒಂದು, ಎರಡು. ಅಂದರೆ ಸಮಾಂತರದ ಮಾತು ಈ ಮೂರು ನಿಯಮಗಳಿಂದ ಹೊರಡುವುದಿಲ್ಲ ಅಂತ ಸಾಧಿಸಿದಂತಾಯಿತು. ಬಿಂದು ಅಂದರೆ ಕಾಗದದ ಮೇಲಿನ ಚುಕ್ಕೆ ಅಂತ ಹಟ ಹಿಡಿದಿದ್ದರೆ ಈ ಸಾಧನೆಯೇ ಸಿಗುತ್ತಿರಲಿಲ್ಲ. ಸಮಾಂತರದ ಈ ಮಾತಿಗೆ ಸಂಬಂಧಿಸಿದ್ದೇ ಯೂಕ್ಲಿಡ್‌ನ ಐದನೇ ಆಧಾರ ಪ್ರತಿಜ್ಞೆ (ಸಾಧಿಸದೆ ಒಪ್ಪಿಕೊಂಡ ಮಾತು); ಅದನ್ನು ಉಳಿದವುಗಳಿಂದ ಸಾಧಿಸಲು ಜನ ಎರಡು ಸಾವಿರ ವರ್ಷ ಒದ್ದಾಡಿದರು. 1829ರಲ್ಲಿ ಲೊಬಾಚೆವ್ಸ್ಕಿ, 1832ರಲ್ಲಿ ಬೊಲ್ಯಾಯ್ ಒಂದಕ್ಕಿಂತ ಜಾಸ್ತಿ ಸಮಾಂತರ ಇರುವ ಜ್ಯಾಮಿತಿಯನ್ನು ಪ್ರಕಟಿಸಿದರು. ಅವರದು ಬಹಳ ದೊಡ್ಡ ಕೆಲಸ, ಊರುಗಳ ಆಟ ಅದರ ಸಣ್ಣ ರುಚಿ ಮಾತ್ರ.

ಈಗ ನಿಮ್ಮ ಪ್ರಶ್ನೆಗೆ. ಯಾವುದರ ಬಗ್ಗೆ ಸಾಧಿಸಿದಂತಾಯಿತು? ಆ ನಿಯಮಗಳಿಗೆ ಹೊಂದುವ ಎಲ್ಲದರ ಬಗ್ಗೆಯೂ. ಚುಕ್ಕೆ, ಊರು, ಸಂಖ್ಯೆಯ ಜೋಡಿ, ಯಾವುದಾದರೂ ಸರಿ.

ಬೀದರ್ ಕೋಟೆ ಬದಿ

ಕಲಬುರಗಿ–ಬೀದರ್ ರೇಖೆ ಅಂದಿರಲ್ಲ. ಎರಡು ಬಿಂದು ಕೊಟ್ಟರೆ ಗೆರೆ ಎಳೆಯಬಹುದು ಅಂತ ಯೂಕ್ಲಿಡ್ ಒಂದೇ ಸಾಲಿನಲ್ಲಿ ಹೇಳಿಬಿಟ್ಟ. ಆ ಎರಡು ಬಿಂದುಗಳ ನಡುವೆ ರೈಲು ಗೆರೆ ಬರಲು ನಾವು 2017ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು.

ಬ್ರಹ್ಮಪುರ ಟ್ಯೂಷನ್ (ಕಲಬುರಗಿ)

ಊರುಗಳ ಲೆಕ್ಕ ನಾಳೆಯೇ ಮಾಡಿಸುತ್ತೇನೆ. ಸರ್, ಅದೇ ಅಭ್ಯಾಸದಲ್ಲಿ ಇನ್ನೊಂದು ಪ್ರಶ್ನೆ ಇದೆ. ಎರಡು ಬಿಂದು ಕೊಟ್ಟರೆ ಅವುಗಳ ನಡುವೆ ಮೂರನೆಯದು ಇದೆ, ಒಂದೇ ರೇಖೆಯ ಮೇಲಿಲ್ಲದ ಮೂರು ಬಿಂದುಗಳಾದರೂ ಇವೆ. ಇವು ಯೂಕ್ಲಿಡ್ ಮಾತುಗಳಿಂದ ಬರುತ್ತವೆಯೇ ಅಂತ. ಗೈಡ್‌ನಲ್ಲಿ ಸುಮ್ನೆ "ಇಲ್ಲ" ಅಂತ ಇದೆ.

ಸೇಡಂ ಮಾಸ್ತರ

ಇಲ್ಲ ಅನ್ನುವುದು ಸರಿ. ಅಲ್ಲಿ ಅಡಗಿರುವ ಪದ 'ನಡುವೆ'. ಯೂಕ್ಲಿಡ್ ಅದನ್ನು ಎಲ್ಲಾ ಕಡೆ ಬಳಸುತ್ತಾನೆ, ಅದಕ್ಕೆ ನಿಯಮ ಮಾತ್ರ ಬರೆಯುವುದಿಲ್ಲ. ಚಿತ್ರ ನೋಡಿದರೆ ಕಾಣುತ್ತದಲ್ಲ ಅನ್ನೋ ಧೈರ್ಯ. ತ್ರಿಭುಜದೊಳಗೆ ಒಂದು ಬಾಹು ದಾಟಿ ಬಂದ ರೇಖೆ ಇನ್ನೊಂದು ಕಡೆಯಿಂದ ಹೊರಗೆ ಹೋಗಲೇಬೇಕು, ಅಲ್ವಾ? ಇದನ್ನು ಕೂಡ ಬರೆದು ಇಟ್ಟುಕೊಳ್ಳಬೇಕು ಅಂತ ಗಮನಿಸಿ ಹೇಳಿದವನು ಪಾಶ್ ಅನ್ನೋ ಗಣಿತಜ್ಞ, 1882ರಲ್ಲಿ. ಹಿಲ್ಬರ್ಟ್ ಅದನ್ನೇ ತನ್ನ ಪಟ್ಟಿಗೆ ಸೇರಿಸಿಕೊಂಡ.

ಇನ್ನೂ ಹತ್ತಿರದ್ದು ಹೇಳುತ್ತೇನೆ. ಯೂಕ್ಲಿಡ್‌ನ ಮೊದಲ ಪ್ರಮೇಯ. ಒಂದು ರೇಖಾಖಂಡ, ಎರಡೂ ತುದಿಯಿಂದ ಅದೇ ಅಳತೆಯ ವೃತ್ತ. ಅವು ಕೂಡುವ ಕಡೆ ಮೂರನೇ ಮೂಲೆ, ಸಮಬಾಹು ತ್ರಿಭುಜ ಸಿದ್ಧ. ವೃತ್ತಗಳು ಕೂಡುತ್ತವೆ ಅಂತ ಯಾವ ಪ್ರತಿಜ್ಞೆ ಹೇಳಿತು? ಯಾವುದೂ ಇಲ್ಲ. ಭಾಗಲಬ್ಧ ಸಂಖ್ಯೆಗಳ (ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಬಹುದಾದವು) ಜೋಡಿಗಳನ್ನು ಮಾತ್ರ ಬಿಂದು ಅಂದುಕೊಳ್ಳಿ. ಖಂಡದ ತುದಿಗಳು (0, 0) ಮತ್ತು (1, 0). ವೃತ್ತಗಳು ಕೂಡಬೇಕಾದ ಜಾಗದ ಎತ್ತರ 3ರ ವರ್ಗಮೂಲದ ಅರ್ಧ. ಅದು ಭಾಗಲಬ್ಧ ಅಲ್ಲ. ಅಲ್ಲಿ ಬಿಂದುವೇ ಇಲ್ಲ, ಎರಡು ವೃತ್ತಗಳು ಒಂದನ್ನೊಂದು ಮುಟ್ಟದೆ ದಾಟಿ ಹೋಗುತ್ತವೆ. ಬಿಂದುವಿಗೆ "ಭಾಗಗಳಿಲ್ಲ" ಅನ್ನುವುದು ಇಲ್ಲಿ ಏನೂ ಸಹಾಯ ಮಾಡುವುದಿಲ್ಲ. ಬೇಕಾದದ್ದು ಇನ್ನೊಂದು ನಿಯಮ.

ಪರೀಕ್ಷೆಗೆ ಏನು ಬರೆಯಬೇಕು ಅನ್ನುವುದು ನಿಮ್ಮ ತುರ್ತು, ಅದು ಗೊತ್ತು. "ಬಿಂದು ವ್ಯಾಖ್ಯೆ ಇಲ್ಲದ ಮೂಲ ಪದ, ಯೂಕ್ಲಿಡ್ ಅದನ್ನು ಭಾಗಗಳಿಲ್ಲದ್ದು ಎಂದು ವಿವರಿಸಿದ್ದಾನೆ" ಅಂತ ಒಂದೇ ವಾಕ್ಯದಲ್ಲಿ ಎರಡನ್ನೂ ಬರೆಸಿ. ಯಾವ ಮಾಸ್ತರನೂ ಕತ್ತರಿ ಹಾಕಲಾರ.

ಯಾದಗಿರಿ ಬೆಟ್ಟ

ಆ ಹುಡುಗಿಗೆ ಒಂದು ಮನೆಗೆಲಸ ಕೊಡಿ. ಏಳು ಊರು: ಕಲಬುರಗಿ, ಬೀದರ್, ಯಾದಗಿರಿ, ಸೇಡಂ, ಶಹಾಪುರ, ಆಳಂದ, ಹುಮನಾಬಾದ. ಈ ಸಲ ಪ್ರತಿ ರೇಖೆಯಲ್ಲೂ ಮೂರು ಊರು ಇರಬೇಕು. ಯಾವ ಎರಡು ಊರು ಹಿಡಿದರೂ ಅವೆರಡೂ ಇರುವ ರೇಖೆ ಒಂದೇ ಒಂದು ಇರಬೇಕು. ಎಷ್ಟು ರೇಖೆ ಆಗುತ್ತವೆ?

ಬ್ರಹ್ಮಪುರ ಟ್ಯೂಷನ್ (ಕಲಬುರಗಿ)

ಅವಳೇ ಟೈಪ್ ಮಾಡಿದ್ದಾಳೆ, ಹಾಗೇ ಹಾಕುತ್ತಿದ್ದೇನೆ:

ಕಲಬುರಗಿ, ಬೀದರ್, ಯಾದಗಿರಿ
ಕಲಬುರಗಿ, ಸೇಡಂ, ಶಹಾಪುರ
ಕಲಬುರಗಿ, ಆಳಂದ, ಹುಮನಾಬಾದ
ಬೀದರ್, ಸೇಡಂ, ಆಳಂದ
ಬೀದರ್, ಶಹಾಪುರ, ಹುಮನಾಬಾದ
ಯಾದಗಿರಿ, ಸೇಡಂ, ಹುಮನಾಬಾದ
ಯಾದಗಿರಿ, ಶಹಾಪುರ, ಆಳಂದ

ಏಳು ರೇಖೆ ಸರ್. ಯಾವ ಎರಡು ರೇಖೆ ತಗೊಂಡರೂ ಒಂದು ಊರು ಕೂಡುತ್ತದೆ, ಸಮಾಂತರ ಇಲ್ಲ ಅಂತಾಳೆ.

ಯಾದಗಿರಿ ಬೆಟ್ಟ

ಸರಿಯಾಗಿದೆ. ಇದಕ್ಕೆ ಫಾನೋ ಸಮತಲ ಅಂತ ಹೆಸರು, 1892ರದು. ಊರು ಏಳು, ರೇಖೆ ಏಳು. ಪ್ರತಿ ಊರಿನ ಮೂಲಕ ಮೂರು ರೇಖೆ ಹೋಗುತ್ತವೆ, ಅದನ್ನೂ ಎಣಿಸಲು ಹೇಳಿ. ಈಗ ಊರನ್ನು ರೇಖೆ ಅಂತಲೂ ರೇಖೆಯನ್ನು ಊರು ಅಂತಲೂ ಕರೆದರೂ ನಿಯಮ ಕೆಡುವುದಿಲ್ಲ.

ಚಿತ್ತಾಪುರ ತೊಗರಿ

ಎಲ್ಲಾ ಸರಿ, ನಮ್ಮ ಚಿತ್ತಾಪುರ ಎಲ್ಲಿ ಹೋಯಿತು? ಎಂಟನೆಯದಾಗಿ ಸೇರಿಸಿ.

ಯಾದಗಿರಿ ಬೆಟ್ಟ

ಎಂಟು ಊರಿಗೆ ಆಗುವುದಿಲ್ಲ ಅಣ್ಣಾರ. ಚಿತ್ತಾಪುರದಲ್ಲಿ ನಿಂತು ನೋಡಿ. ಉಳಿದ ಊರು ಏಳು. ನಿಮ್ಮ ಮೂಲಕ ಹೋಗುವ ಪ್ರತಿ ರೇಖೆ ಇನ್ನೆರಡು ಊರನ್ನು ಒಯ್ಯುತ್ತದೆ. ಏಳನ್ನು ಎರಡೆರಡಾಗಿ ಹಂಚಲು ಬರುವುದಿಲ್ಲ, ಒಂದು ಉಳಿಯುತ್ತದೆ. ಒಂಬತ್ತಾದರೆ ಆಗುತ್ತದೆ, ಹನ್ನೆರಡು ರೇಖೆ. ಜೊತೆಗೆ ಸುರಪುರದವರನ್ನೂ ಕರೆದುಕೊಂಡು ಬನ್ನಿ.